ಹಾಜರಿ ಪುಸ್ತಕದಲ್ಲಿ ಆನೆ

ಜನವರಿ ತಿಂಗಳೊಂದರಲ್ಲೇ ನಮ್ಮ ಮನೆಯ ದಾರಿಗೆ ಹನ್ನೊಂದು ಸಲ ಆನೆ ಬಂತು. ಹನ್ನೊಂದನ್ನೂ ನಾನೇ ನನ್ನ ಕೈಯಾರೆ ಪುಸ್ತಕದಲ್ಲಿ ಬರೆದಿದ್ದೇನೆ. ಆದರೆ ಒಂದನ್ನೂ ನಾನು ನೋಡಿಲ್ಲ, ನನ್ನ ಹೆಂಡತಿ ಲಿಂಗಮ್ಮ ನೋಡಿಲ್ಲ, ಎದುರು ಮನೆಯ ಪೂವಯ್ಯನವರೂ ನೋಡಿಲ್ಲ. ನೋಡಿದವಳು ಒಬ್ಬಳೇ, ನಮ್ಮ ಮನೆಯ ಕಸ ಗುಡಿಸಿ ನೆಲ ಒರೆಸುವ ಕಾಂತಮ್ಮ.

ಇಷ್ಟು ಕೇಳಿದ ಕೂಡಲೇ ನೀವು ಕಾಂತಮ್ಮನನ್ನು ಬಯ್ಯಲು ಹೊರಡುತ್ತೀರಿ ಎಂದು ನನಗೆ ಗೊತ್ತು. ಬೇಡಿ. ಆ ಕೆಲಸವನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ. ಅದರಿಂದ ನೆಲವೇನೂ ಚೊಕ್ಕಟವಾಗಲಿಲ್ಲ.

ನನ್ನ ಹೆಸರು ತಿಮ್ಮಯ್ಯ. ಮೂವತ್ತೆರಡು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವನು. ಬೆಳಿಗ್ಗೆ ಆಳುಗಳ ಹಾಜರಿ ಕೂಗಿ ಬರೆದುಕೊಳ್ಳುವುದು, ಸಂಜೆ ಅವರು ಕುಯ್ದು ತಂದ ಕಾಫಿ ಹಣ್ಣನ್ನು ತೂಗಿ ತೂಕ ಕೂಗುವುದು, ಇದೇ ನನ್ನ ಬಾಳಿನ ಕೂಗು. ರಿಟೈರಾಗಿ ಮೂರು ವರ್ಷವಾದರೂ ದುಬಾರೆ ರಸ್ತೆಯ ಉದ್ದಕ್ಕೂ ನಾನು ಇನ್ನೂ ‘ರೈಟ್ರು’. ಆ ಹೆಸರಿಗೆ ತಕ್ಕಂತೆ ಬದುಕಲು ಹೋದದ್ದೇ ತಪ್ಪಾಯಿತು.

ಡಿಸೆಂಬರ್ ಮೊದಲ ವಾರ ಮೈಸೂರಿನಲ್ಲಿ ಲಿಂಗಮ್ಮನ ಬಲ ಮೊಣಕಾಲಿಗೆ ಆಪರೇಷನ್ ಆಯಿತು. ಹಳೆಯ ಕೀಲು ತೆಗೆದು ಹೊಸದು ಹಾಕಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಮೂರು ತಿಂಗಳು ಇವರು ನೆಲಕ್ಕೆ ಬಗ್ಗಬಾರದು, ಕುಕ್ಕರಗಾಲಲ್ಲಿ ಕೂರಬಾರದು. ಕೀಲು ಜರುಗಿದರೆ ಮತ್ತೆ ಇದೇ ಮಂಚ” ಎಂದರು. ಆ ಮಂಚದ ಮೇಲೆ ಲಿಂಗಮ್ಮ ಅತ್ತಿದ್ದನ್ನು ನಾನು ನೋಡಿದ್ದೆ. ಎರಡು ಹೆರಿಗೆಯಲ್ಲಿ ಹಲ್ಲು ಕಚ್ಚಿಕೊಂಡವಳು, ಅವರಪ್ಪ ಸತ್ತಾಗ ಎಲ್ಲರಿಗೂ ಕಾಫಿ ಮಾಡಿಕೊಟ್ಟವಳು, ಆಪರೇಷನ್ ಆದ ಮೇಲೆ ವ್ಯಾಯಾಮಕ್ಕೆಂದು ಕಾಲು ಮಡಚಿಸಲು ಬರುತ್ತಿದ್ದ ಆಸ್ಪತ್ರೆಯ ಹುಡುಗಿಯ ಕೈ ಹಿಡಿದುಕೊಂಡು “ಬಿಡವ್ವ, ನಿನ್ ಕಾಲಿಗ್ ಬೀಳ್ತೀನಿ” ಎಂದಿದ್ದಳು. ನನಗೆ ಮತ್ತೊಮ್ಮೆ ಅದನ್ನು ನೋಡುವ ಶಕ್ತಿ ಇರಲಿಲ್ಲ.

ಆದರೆ ಲಿಂಗಮ್ಮನ ಕಣ್ಣಿಗೆ ನೆಲದ ಮೇಲೆ ಒಂದು ಕರಿಮೆಣಸಿನ ಕಾಳು ಬಿದ್ದರೆ ಸಾಕು, ಅವಳ ಕೈ ತಾನಾಗಿ ನೆಲಕ್ಕೆ ಹೋಗುತ್ತದೆ. ಆದ್ದರಿಂದ ನಮ್ಮ ಮನೆಯ ನೆಲದ ಮೇಲೆ ಏನೂ ಬಿದ್ದಿರಬಾರದು. ಅಂದರೆ ಕಾಂತಮ್ಮ ಬರಲೇಬೇಕು. ವಿಷಯ ಇಷ್ಟೇ.

ಕಾಂತಮ್ಮ ಎಸ್ಟೇಟಿನಲ್ಲಿ ನನ್ನ ಕೈಕೆಳಗೆ ಹನ್ನೆರಡು ವರ್ಷ ಕಾಫಿ ಹಣ್ಣಿನ ಪಿಕ್ಕಿಂಗ್ ಮಾಡಿದವಳು. ಈಗ ಕಾಡಿನಂಚಿನ ಊರಿನಲ್ಲಿ ಸ್ವಂತ ಮನೆ. ಮೊದಲ ದಿನವೇ ಅವಳನ್ನು ವರಾಂಡದಲ್ಲಿ ನಿಲ್ಲಿಸಿ, ಹೊಸ ಪುಸ್ತಕಕ್ಕೆ ಗೆರೆ ಎಳೆದು, ಎಸ್ಟೇಟ್ ರೂಲ್ಸ್ ಓದಿ ಹೇಳಿದೆ. ಎಂಟು ಗಂಟೆಗೆ ಹಾಜರಿ. ಹತ್ತು ನಿಮಿಷ ತಡವಾದರೆ ಅರ್ಧ ದಿನ. ಜ್ವರ ಬಂದರೆ ಡಾಕ್ಟರ ಚೀಟಿ. ನೆಂಟರ ಮದುವೆಗೆ ವಾರ ಮುಂಚೆ ಹೇಳಬೇಕು, ಯಾವ ನೆಂಟರು ಎಂದೂ ಹೇಳಬೇಕು. ಸುಸ್ತು ಎನ್ನುವುದು ಕಾರಣವಲ್ಲ. ದಾರಿಯಲ್ಲಿ ಆನೆ ಬಂದರೆ ಮಾತ್ರ ಕೆಲಸ ಇಲ್ಲ, ಪೂರ್ತಿ ಹಾಜರಿ.

ಈ ಕೊನೆಯ ರೂಲ್ಸಿನ ಬಗ್ಗೆ ನನಗೆ ಸ್ವಲ್ಪ ಜಂಬ. ಎಸ್ಟೇಟಿನಲ್ಲಿ ಅದನ್ನು ಮ್ಯಾನೇಜರ ಹತ್ತಿರ ಜಗಳವಾಡಿ ತಂದವನೇ ನಾನು. ಪ್ರಾಣಕ್ಕಿಂತ ಹಾಜರಿ ದೊಡ್ಡದಲ್ಲ ಎಂದು ಆಗ ಮೇಜು ಕುಟ್ಟಿ ಹೇಳಿದ್ದೆ.

ಕಾಂತಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು. “ಆನೆ ಬಂದ್ರೆ ಪೂರ್ತಿ ಹಾಜರೀನಾ ರೈಟ್ರೇ?”

“ಪೂರ್ತಿ” ಎಂದೆ, ದೊಡ್ಡ ಮನುಷ್ಯನಂತೆ.

ಡಿಸೆಂಬರಿನಲ್ಲಿ ಎಲ್ಲವೂ ಸರಿಯಾಗಿತ್ತು. ಜನವರಿಯಲ್ಲಿ ಆನೆ ಶುರುವಾಯಿತು. ಮೊದಲ ದಿನ ಒಂಟಿ ಆನೆ ರಸ್ತೆಯಲ್ಲಿ ನಿಂತಿತ್ತು. ಎರಡನೆಯ ದಿನ ಮರಿಯೂ ಇತ್ತು. ಮೂರನೆಯ ದಿನ ಫೋನು ಮಾಡಿ, “ರೈಟ್ರೇ, ಇವತ್ತು ಮಲಗ್‌ಬಿಟ್ಟೈತೆ” ಎಂದಳು.

“ರಸ್ತೆಯಲ್ಲಾ?”

“ನಡೂ ಮಧ್ಯದಲ್ಲಿ. ಮಲಗಿರೋ ಆನೇನ ನಾನು ಎಬ್ಬಿಸೋಕಾಯ್ತದಾ? ನೀವೇ ಹೇಳಿ.”

ಎಬ್ಬಿಸಲಾಗುವುದಿಲ್ಲ. ನಾನು ಪೂರ್ತಿ ಹಾಜರಿ ಬರೆದೆ. ಬರೆದು, ಪೊರಕೆ ಹಿಡಿದೆ.

ಮೂವತ್ತೆರಡು ವರ್ಷ ಇನ್ನೂರು ಆಳುಗಳ ಕೆಲಸ ನೋಡಿದವನಿಗೆ ಒಂದು ಹಾಲ್ ಗುಡಿಸುವುದು ಏನು ಮಹಾ ಎಂದುಕೊಂಡಿದ್ದೆ. ಲಿಂಗಮ್ಮ ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ತೋರಿಸುತ್ತಿದ್ದಳು. “ಅಲ್ಲಿ ಮೂಲೆ ಬಿಟ್ರಿ. ಸೋಫಾ ಸರಿಸ್ರೀ. ಒರೆಸೋದು ಅಂದ್ರೆ ನೀರು ಚೆಲ್ಲೋದಲ್ಲ. ಅಯ್ಯೋ, ಆ ಬಟ್ಟೆ ಒಲೆ ಒರೆಸೋದು ಕಣ್ರೀ!” ಹತ್ತನೆಯ ಆನೆಯ ಹೊತ್ತಿಗೆ ನನ್ನ ಸೊಂಟಕ್ಕೂ ಮೈಸೂರಿನಲ್ಲೇ ಒಂದು ಮಂಚ ನೋಡಬೇಕು ಅನ್ನಿಸಿತ್ತು. ಅದರ ಮೇಲೆ ಒಂದು ದಿನ ನಾನು ಬಕೆಟ್ಟಿಗೆ ನೀರು ತರಲು ಹೋಗಿ ಬರುವಷ್ಟರಲ್ಲಿ, ನಾನು ಬಿಟ್ಟ ಮೂಲೆಯನ್ನು ಲಿಂಗಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದು ಬಗ್ಗಿ ಗುಡಿಸುತ್ತಿದ್ದಳು. ನಾನು ಕಿರುಚಿದೆ. ಅವಳೂ ಕಿರುಚಿದಳು. ಆ ದಿನ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಇಷ್ಟರ ನಡುವೆ ಹನ್ನೊಂದನೆಯ ಆನೆಯ ಸುದ್ದಿ ಬಂತು. ಈ ಸಲ ಬೆಳಿಗ್ಗೆ ಫೋನು ಇಲ್ಲ. ಸಂಜೆ ನಾಲ್ಕೂವರೆಗೆ ವಾಟ್ಸಾಪಿನಲ್ಲಿ ಕಾಂತಮ್ಮನ ದನಿ: “ರೈಟ್ರೇ, ಬೆಳಗ್ಗೆಯಿಂದ ನಿಮ್ಮನೆ ಕೆಳಗ್‌ನ ತಿರುವಲ್ಲೇ, ಆ ಹಲಸಿನ ಮರದ ಬುಡದಲ್ಲೇ ಆನೆ ನಿಂತೈತೆ. ದೊಡ್ಡದು. ಇನ್ನೂ ಅಲ್ಲೇ ಐತೆ. ಯಾರೂ ಆ ಕಡೆ ಹೋಗ್ಬ್ಯಾಡಿ ಅಂತಾವ್ರೆ. ನಾನೆಂಗ್ ಬರ್ಲಿ?”

ಆ ತಿರುವು ನಮ್ಮ ಗೇಟಿನಿಂದ ನೂರು ಮಾರು ದೂರ. ನಾನು ಮಧ್ಯಾಹ್ನ ಅದನ್ನು ದಾಟಿಯೇ ಹೋಗಿ ಹಾಲು ತಂದಿದ್ದೆ. ಆದರೂ ಇರಲಿ ಎಂದು ಆ ದನಿಯನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಆಗ ಅವಳ ಮಾತಿನ ಹಿಂದೆ, ದೂರದಲ್ಲಿ, ಒಬ್ಬ ಗಂಡಸು ಗಟ್ಟಿಯಾಗಿ ಕೂಗಿದ್ದು ಕೇಳಿಸಿತು: “ತೊಂಬತ್ತೆರಡೂ!”

ಕೊನೆಯ ಅಕ್ಷರವನ್ನು ಎಳೆದು ಹಾಗೆ ಕೂಗುವುದು ಜಗತ್ತಿನಲ್ಲಿ ಒಂದೇ ಒಂದು ಜಾತಿಯ ಮನುಷ್ಯ, ಕಾಫಿ ಹಣ್ಣು ತೂಗುವ ರೈಟರ್.

“ಲಿಂಗಮ್ಮ, ಇವಳು ಪಿಕ್ಕಿಂಗಿಗೆ ಹೋಗ್ತಾವ್ಳೆ! ಕೇಜಿ ಲೆಕ್ಕಕ್ಕೆ ಹಣ್ಣು ಕುಯ್ತಾವ್ಳೆ. ನಮ್ಮನೇಲಿ ಮಾತ್ರ ಆನೆ ಕಟ್ಟಾಕವ್ಳೆ.”

“ನಂಗೊತ್ತಿತ್ತು” ಎಂದಳು ಲಿಂಗಮ್ಮ, ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ. “ಹೋದ್ ವಾರ ಅವಳ ಬೆರಳು ನೋಡ್ದೆ, ಹಣ್ಣಿನ ಕಲೆ. ಸುಮ್ನಿರಿ, ಬಯ್ದು ಕಳಿಸಿದ್ರೆ ಆಮೇಲೆ ಯಾರು ಬರ್ತಾರೆ?”

ಸುಮ್ಮನಿರಬೇಕಿತ್ತು. ಆದರೆ ನಾನು ರೈಟರ್ ಅಲ್ಲವೇ, ಲಿಖಿತ ಸಾಕ್ಷಿ ಬೇಕೆನ್ನಿಸಿತು. ನಮ್ಮ ಕಡೆ ಆನೆಗಳ ಸುದ್ದಿಗೆಂದೇ ಒಂದು ವಾಟ್ಸಾಪ್ ಗ್ರೂಪು ಇದೆ. ಬಸ್ಸಿನ ಡ್ರೈವರುಗಳು, ಮೇಷ್ಟ್ರುಗಳು, ತೋಟದವರು, ಫಾರೆಸ್ಟಿನವರು ಎಲ್ಲ ಸೇರಿ ಇನ್ನೂರ ನಲವತ್ತು ಜನ. ಎಲ್ಲಿ ಆನೆ ಕಂಡರೂ ಅದರಲ್ಲಿ ಹಾಕುತ್ತಾರೆ. ಮಾರನೆಯ ದಿನ ಬೆಳಿಗ್ಗೆ ಎಂಟೂಕಾಲಿಗೆ ನಾನು ಕಾಂತಮ್ಮನ ದನಿಯನ್ನು ಅಲ್ಲಿಗೆ ಕಳಿಸಿದೆ. ಕೆಳಗೆ, “ಇದು ನಿನ್ನೆ ಬಂದ ಮಾಹಿತಿ. ನಿಜವೇ ಸುಳ್ಳೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ” ಎಂದು ಟೈಪು ಮಾಡಿದೆ. ಫಾರೆಸ್ಟಿನವರು ಸುಳ್ಳು ಎಂದು ಬರೆದ ಕೂಡಲೇ ಅದನ್ನು ಹಾಜರಿ ಪುಸ್ತಕಕ್ಕೆ ಅಂಟಿಸಿ ಕಾಂತಮ್ಮನ ಮುಂದೆ ಹಿಡಿಯುವುದು ನನ್ನ ಯೋಜನೆ. ನೆಮ್ಮದಿಯಿಂದ ಸ್ನಾನಕ್ಕೆ ಹೋದೆ.

ನಮ್ಮೂರಿನಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ, ದನಿ ಬಂದರೆ ಎಲ್ಲರೂ ಕೇಳುತ್ತಾರೆ. ಇದು ನನಗೆ ಗೊತ್ತಿರಬೇಕಿತ್ತು.

ತಲೆ ಒರೆಸಿಕೊಂಡು ಹೊರಗೆ ಬಂದಾಗ ವರಾಂಡದಲ್ಲಿ ಪೂವಯ್ಯನವರು ನಿಂತಿದ್ದರು. ಮಿಲಿಟರಿಯಿಂದ ಸುಬೇದಾರರಾಗಿ ರಿಟೈರಾದವರು, ತಿರುವಿನ ಹಲಸಿನ ಮರ ಅವರದು. ಕೊರಳಲ್ಲಿ ಸೀಟಿ, ಎರಡು ಕೈಯಲ್ಲೂ ಪಟಾಕಿ ಸರ.

“ಎಂತದು ರೈಟ್ರೇ ಇದು? ನನ್ನ ಮರದ ಬುಡಕ್ಕೆ ಆನೆ ಬಂದುಂಟು, ಎದುರು ಮನೆಯ ನಂಗೆ ಒಂದು ಮಾತು ಹೇಳ್ಲಿಲ್ಲ, ಊರಿಗೆಲ್ಲ ಡಂಗೂರ ಹೊಡ್ದಿದ್ದೀರಿ. ಇದು ಮರ್ಯಾದೆಯಾ?”

“ಪೂವಯ್ಯನೋರೆ, ಆನೆ ಇಲ್ಲ...”

“ಈಗ ಇಲ್ಲ. ನಾನು ನೋಡಿ ಬಂದೆ. ಎಲ್ಲಿಗೆ ಹೋಯ್ತು ಹೇಳಿ. ಅದೂ ಜನವರಿಯಲ್ಲಿ ಹಲಸಿಗೆ ಬರೋದು ಎಂಥ ಆನೆ ಮಾರಾಯ್ರೆ? ಕಾಯಿ ಹೆಬ್ಬೆರಳಿನಷ್ಟೂ ಆಗ್ಲಿಲ್ಲ!”

ಅಷ್ಟರಲ್ಲಿ ಕೆಳಗಿನಿಂದ ಗದ್ದಲ ಕೇಳಿತು. ಕುಶಾಲನಗರದ ಬಸ್ಸು ತಿರುವಿಗೆ ಮೊದಲೇ ನಿಂತಿತ್ತು. ಅದರ ಹಿಂದೆ ಶಾಲೆಯ ವ್ಯಾನು. ಅದರ ಹಿಂದೆ ದುಬಾರೆಯ ಆನೆ ಕ್ಯಾಂಪಿಗೆ ಹೊರಟಿದ್ದ ಪ್ರವಾಸಿಗರ ನಾಲ್ಕು ಕಾರು. ಟಿಕೆಟ್ಟಿಲ್ಲದೆ ಕಾಡಾನೆ ನೋಡಲು ಸಿಗುತ್ತದೆಂದು ಅವರು ನಮ್ಮ ಗೇಟಿನವರೆಗೆ ಬಂದು ಫೋನು ಎತ್ತಿ ಹಿಡಿದಿದ್ದರು. ಶಾಲೆಗೆ ರಜೆ ಕೊಟ್ಟ ಸುದ್ದಿ ಬಂದು ವ್ಯಾನಿನ ಮಕ್ಕಳು ಆನೆಗೆ ಜೈ ಎಂದವು. ಎಲ್ಲರ ಕೈಯಲ್ಲೂ ಕಾಂತಮ್ಮನ ದನಿ. ಹೊಸದಾಗಿ ಬಂದವರಿಗೆಲ್ಲ ಹಳಬರು ಅದನ್ನು ಹಾಕಿ ಕೇಳಿಸುತ್ತಿದ್ದರು. ಇನ್ನೂ ಅಲ್ಲೇ ಐತೆ, ಇನ್ನೂ ಅಲ್ಲೇ ಐತೆ ಎಂದು ಬೇಲಿಯ ಉದ್ದಕ್ಕೂ ಕೇಳಿಸುತ್ತಿತ್ತು.

ನನ್ನ ಫೋನು ಬಡಿದುಕೊಳ್ಳತೊಡಗಿತು. ಸೋಮವಾರಪೇಟೆಯಿಂದ ಲಿಂಗಮ್ಮನ ತಮ್ಮ ಕಿರಣ್‌ಕುಮಾರ್. “ಭಾವ, ಬದುಕಿದೀರಾ?”

“ಯಾಕಪ್ಪ?”

“ನಿಮ್ಮನೆಗೆ ಆನೆ ನುಗ್ಗಿದೆ ಅಂತ ಬಂದಿದೆ. ಗೋಡೆ ಬಿದ್ದಿದೆಯಂತೆ. ನಾನು ಫೋಟೋ ಬೇರೆ ಹಾಕಿದೀನಿ.”

“ಯಾವ ಫೋಟೋ? ಯಾವ ಆನೆ?”

“ಅದು ಹೋದ ವರ್ಷ ಬೇರೆ ಎಲ್ಲೋ ತೆಗೆದದ್ದು. ಜನಕ್ಕೆ ಒಂದು ಅಂದಾಜಿರಲಿ ಅಂತ ಹಾಕ್ದೆ. ಪಿರಿಯಾಪಟ್ಟಣದ ಚಿಕ್ಕಪ್ಪ ಆಗಲೇ ಓಂ ಶಾಂತಿ ಅಂತ ಕಳಿಸಿದಾರೆ. ಇಲ್ಲ, ಭಾವ ಮಾತಾಡ್ತಿದಾರೆ ಅಂತ ಹೇಳ್ತೀನಿ ಬಿಡಿ.”

ಇಷ್ಟಾದರೂ ನಾನು ನಿಜ ಹೇಳಿಬಿಡಬಹುದಿತ್ತು. ಬಾಯಿ ತೆರೆದೂ ಇದ್ದೆ. ಆಗ ಫಾರೆಸ್ಟಿನ ಜೀಪು ಬಂತು. ಗಾರ್ಡ್ ನಂದೀಶ್ ಮತ್ತು ಆನೆ ಓಡಿಸುವ ತಂಡದ ಐದು ಜನ ಇಳಿದರು. ನಂದೀಶ್ ತೆಳ್ಳಗಿನ ಮನುಷ್ಯ, ಎರಡು ರಾತ್ರಿ ನಿದ್ದೆಯಿಲ್ಲದ ಕಣ್ಣು.

“ರೈಟ್ರೇ, ಅತ್ಲಾಗೆ ನಿಜವಾದ ಆನೆ ಬಿಟ್ಟು ಇಲ್ಲಿಗೆ ಬಂದೀವಿ. ಒಂದೇ ಒಂದು ಹೆಜ್ಜೆ ಗುರುತಿಲ್ಲ. ಈ ದನಿ ಯಾರದು? ಸುಳ್ಳು ಸುದ್ದಿ ಹಬ್ಬಿಸಿದ್ದು ಅಂತಾದ್ರೆ ಕೇಸು ಹಾಕ್ಬೇಕಾಯ್ತದೆ. ಹೋದ ತಿಂಗಳೇ ಗ್ರೂಪಲ್ಲಿ ಹೇಳಿದೀವಿ.”

ಆ ಕ್ಷಣಕ್ಕೆ ಸರಿಯಾಗಿ ಗೇಟಿನ ಹತ್ತಿರ ಕಾಂತಮ್ಮ ಕಾಣಿಸಿದಳು. ಆನೆಯಿಲ್ಲದ ದಿನ, ಹಾಗಾಗಿ ಕೆಲಸಕ್ಕೆ ಬಂದಿದ್ದಳು. ಬಸ್ಸು ನಿಂತದ್ದರಿಂದ ಇಳಿದು ನಡೆದು ಬಂದಿದ್ದಳು. ಒಬ್ಬ ಪ್ರವಾಸಿ ಅವಳನ್ನು ತಡೆದು, “ಒಳಗೆ ಹೋಗಬೇಡಮ್ಮ, ಆನೆ ಇದೆ” ಎಂದು ಅವಳ ದನಿಯನ್ನೇ ಅವಳ ಕಿವಿಗೆ ಹಿಡಿದ.

ಕಾಂತಮ್ಮ ತನ್ನ ದನಿಯನ್ನು ಪೂರ್ತಿ ಕೇಳಿದಳು. ಆಮೇಲೆ ಜನರ ತಲೆಗಳ ಮೇಲಿಂದ ನನ್ನನ್ನು ನೋಡಿದಳು. ಕೈಯಲ್ಲಿದ್ದ ಬುತ್ತಿ ಚೀಲ ಎದೆಗೆ ಹೋಯಿತು.

“ಯಾರದು ರೈಟ್ರೇ?” ನಂದೀಶ್ ಮತ್ತೆ ಕೇಳಿದ.

ಹೇಳಿದ್ದರೆ ಮೂರಕ್ಷರದ ಕೆಲಸ. ನನ್ನ ಸಾಕ್ಷಿ, ನನ್ನ ಪುಸ್ತಕ, ಹನ್ನೊಂದು ಆನೆ, ಎಲ್ಲಕ್ಕೂ ನ್ಯಾಯ ಸಿಗುತ್ತಿತ್ತು. ಆದರೆ ಬಾಗಿಲಲ್ಲಿ ಲಿಂಗಮ್ಮ ಊರುಗೋಲು ಹಿಡಿದು ನಿಂತಿದ್ದಳು. ಗದ್ದಲದಲ್ಲಿ ಯಾರೋ ಪೊರಕೆ ಬೀಳಿಸಿದ್ದರು. ಅವಳ ಕಣ್ಣು ಅದರ ಮೇಲಿತ್ತು. ಕೈ ಆಗಲೇ ಇಳಿಯುತ್ತಿತ್ತು.

“ಲಿಂಗಮ್ಮ, ಬಗ್ಗಬೇಡ!” ಎಂದು ಕೂಗಿದೆ. ಕೂಗಿದ ರಭಸದಲ್ಲೇ ನಂದೀಶ್ ಕಡೆ ತಿರುಗಿ, “ದನಿ ಯಾರದೋ ಗೊತ್ತಿಲ್ಲ. ಆನೆ ಮಾತ್ರ ನಾನು ನೋಡಿದೆ” ಎಂದೆ.

ಅರವತ್ತಮೂರು ವರ್ಷಕ್ಕೆ ನಾನು ಸರಕಾರದ ಮುಂದೆ ಹೇಳಿದ ಮೊದಲ ಸುಳ್ಳು ಅದು. ಅಭ್ಯಾಸವಿಲ್ಲದೆ ಗಟ್ಟಿಯಾಗಿಯೇ ಹೇಳಿಬಿಟ್ಟೆ.

“ದಂತ ಇತ್ತಾ?” ನಂದೀಶ್ ಕೇಳಿದ.

“ಇದ್ದಿರಬಹುದು.”

“ಒಂದಾ, ಎರಡಾ?”

“ಆ ಕಡೆಯಿಂದ ಒಂದು ಕಾಣ್ತಿತ್ತು.”

“ಒಂಟಿ ದಂತ!” ಎಂದು ಬೇಲಿಯ ಹತ್ತಿರ ಯಾರೋ ಉಸಿರೆಳೆದರು. ಬಸ್ಸಿನ ಕಂಡಕ್ಟರ್, ಆ ಆನೆಯನ್ನು ತಾನು ಬಲ್ಲೆ, ಅದು ಬಹಳ ಸಿಟ್ಟಿನದು ಎಂದ. ಪೂವಯ್ಯನವರು ಅಂಗಳದ ಮೂಲೆಯಲ್ಲಿ ಒಂದು ದುಂಡಗಿನ ಗುರುತು ಹುಡುಕಿದರು. ಮೊಣಕಾಲೂರಿ, ಮೊಳ ಹಾಕಿ ಅಳೆದು, “ಗಂಡು. ನಲವತ್ತು ವರ್ಷ. ಹಿಂದಿನ ಎಡಗಾಲು ಸ್ವಲ್ಪ ಕುಂಟು” ಎಂದು ತೀರ್ಪು ಕೊಟ್ಟರು. ಅದು ನಾನು ಗೊಬ್ಬರದ ಕುಕ್ಕೆ ಇಟ್ಟಿದ್ದ ಜಾಗ. ಆದರೆ ಸುಬೇದಾರರ ಮುಖದಲ್ಲಿ ಅಷ್ಟು ಸಂತೋಷ ನಾನು ಬಹಳ ದಿನದಿಂದ ನೋಡಿರಲಿಲ್ಲ.

ನಂದೀಶ್ ನನ್ನ ತೋಳು ಹಿಡಿದು ಅಂಗಳದ ಆಚೆ ತುದಿಯ ಕಪ್ಪು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದ. ಫೋನನ್ನು ನನ್ನ ಕಿವಿಗೆ ಹಿಡಿದು ಆ ದನಿಯನ್ನು ಮತ್ತೆ ಹಾಕಿದ.

“ಆನೆ ಹಿಂದ್ಗಡೆ ಯಾರೋ ತೊಂಬತ್ತೆರಡು ಅಂತಾರೆ, ಕೇಳಿಸ್ತಾ? ಆನೆ ತೂಕವಾ ರೈಟ್ರೇ? ವಸಿ ಸೊರಗೈತೆ ಅನ್ಸುತ್ತೆ.”

ನಾನು ನೆಲ ನೋಡಿದೆ.

“ನಮ್ಮವ್ವ ಹದಿನೆಂಟು ವರ್ಷ ನಿಮ್ಮ ತಕ್ಕಡಿ ಮುಂದೆ ನಿಂತವಳು. ಆ ಕೂಗು ಕೇಳ್ಕೊಂಡೇ ನಾನು ದೊಡ್ಡವನಾದೆ. ಗೇಟಲ್ಲಿ ಚೀಲ ತಬ್ಬಿಕೊಂಡು ನಿಂತವ್ಳಲ್ಲ, ಅವಳೇ ತಾನೇ?”

“ನಂದೀಶ, ಕೇಸು ಹಾಕೋದಾದ್ರೆ ನನ್ನ ಮೇಲೆ ಹಾಕಪ್ಪ. ಗ್ರೂಪಿಗೆ ಹಾಕಿದವನು ನಾನೇ. ಅವಳು ಬರೋದು ನಿಲ್ಲಿಸಿದ್ರೆ ಅಲ್ಲಿ ನೋಡು, ಲಿಂಗಮ್ಮ ಬಗ್ತಾಳೆ. ಬಗ್ಗಿದ್ರೆ ಆ ಕಾಲು ಹೋಯ್ತು. ನಂಗೆ ಬೇರೆ ದಾರಿ ಕಾಣ್ಲಿಲ್ಲ.” ಇಷ್ಟು ಹೇಳಿದ್ದಕ್ಕೇ ನಾಚಿಕೆಯಾಯಿತು.

ನಂದೀಶ್ ಕಣ್ಣುಜ್ಜಿಕೊಂಡು ಫೋನಿನಲ್ಲಿ ಏನೋ ಟೈಪು ಮಾಡಿದ. ಅಂಗಳದಲ್ಲಿ ಒಟ್ಟಿಗೇ ಹತ್ತಾರು ಫೋನು ಟಿಣ್ ಎಂದವು. “ದುಬಾರೆ ರಸ್ತೆಯ ಮಾಹಿತಿ ತಪ್ಪು. ಆನೆ ಇಲ್ಲ. ರೈಟರ್ ತಿಮ್ಮಯ್ಯನವರು ಕಪ್ಪು ನೀರಿನ ಟ್ಯಾಂಕನ್ನು ಆನೆ ಎಂದು ತಿಳಿದಿದ್ದರು. ಅವರನ್ನು ಗ್ರೂಪಿನಿಂದ ತೆಗೆಯಲಾಗಿದೆ.”

ಇಷ್ಟು ಉದ್ದದ ಸಂದೇಶವನ್ನು ಮಾತ್ರ ಎಲ್ಲರೂ ಓದಿದರು.

ಪ್ರವಾಸಿಗರು ನೀರಿನ ಟ್ಯಾಂಕಿನ ಫೋಟೋ ತೆಗೆದುಕೊಂಡು ಹೋದರು. ಕಂಡಕ್ಟರ್, “ಕಣ್ಣು ತೋರಿಸ್ಕೊಳ್ಳಿ ರೈಟ್ರೇ” ಎಂದು ಕಾಳಜಿಯಿಂದ ಹೇಳಿದ. ಪೂವಯ್ಯನವರು ಪಟಾಕಿ ಸರ ಸುತ್ತಿಕೊಂಡು, ಆ ದುಂಡಗಿನ ಗುರುತನ್ನು ಇನ್ನೊಮ್ಮೆ ನೋಡಿ, ಟ್ಯಾಂಕು ಕುಂಟುತ್ತದೆಯೇ ಎಂಬಂತೆ ನನ್ನ ಮುಖ ನೋಡಿ ಹೊರಟರು.

ಎಲ್ಲರೂ ಹೋದ ಮೇಲೆ ಉಳಿದದ್ದು ನಾವು ಮೂರು ಜನ ಮತ್ತು ನೆಲ. ನೀರು ಕೇಳಿ, ಟೆರೇಸು ಕೇಳಿ, ಬಚ್ಚಲು ಕೇಳಿ ಒಳಗೆ ಬಂದುಹೋದವರ ಕೆಂಪು ಮಣ್ಣಿನ ಹೆಜ್ಜೆ ಹೊಸಿಲಿನಿಂದ ಅಡುಗೆಮನೆಯವರೆಗೆ ಇತ್ತು. ಕಾಂತಮ್ಮ ಬುತ್ತಿ ಚೀಲವನ್ನು ಮೊಳೆಗೆ ಸಿಕ್ಕಿಸಿ, ಸೆರಗು ಸಿಕ್ಕಿಸಿ, ಬಕೆಟ್ಟು ತಂದಳು. ಅರ್ಧ ಹಾಲ್ ಒರೆಸಿದಳು.

“ನನ್ ಹೆಸ್ರು ಯಾಕ್ ಹೇಳ್ಲಿಲ್ಲ?” ಅವಳೇ ಕೇಳಿದಳು, ತಲೆಯೆತ್ತದೆ.

“ಹೇಳಿದ್ರೆ ನೀನು ಕೆಲಸಕ್ಕೆ ಬರ್ತಿರಲಿಲ್ಲ.”

“ಈಗ್ಲೂ ಬರ್ತಿರ್ಲಿಲ್ವಲ್ಲ ರೈಟ್ರೇ.”

ಲಿಂಗಮ್ಮ ನಕ್ಕುಬಿಟ್ಟಳು. ನನಗೆ ರೇಗಿತು. “ನಗಬೇಡ ನೀನು. ಕಾಂತಮ್ಮ, ಪಿಕ್ಕಿಂಗಿಗೆ ಹೋಗ್ತೀನಿ ಅಂತ ಹೇಳೋಕೇನು? ಹನ್ನೊಂದು ಆನೆ ತಂದು ನಿಲ್ಲಿಸ್ತೀಯಲ್ಲ!”

ಕಾಂತಮ್ಮ ಬಟ್ಟೆ ಹಿಂಡಿ ಎದ್ದು ನಿಂತಳು. “ಜ್ವರ ಅಂದ್ರೆ ಚೀಟಿ ಅಂತೀರ. ಮದ್ವೆ ಅಂದ್ರೆ ಯಾರ್ದು ಅಂತೀರ. ಸುಸ್ತು ಅಂದ್ರೆ ಅದು ಕಾರಣವೇ ಅಲ್ಲ ಅಂತೀರ. ಪಿಕ್ಕಿಂಗು ಅಂದಿದ್ರೆ ಬಿಡ್ತಿದ್ರಾ? ಆನೆ ಅನ್ನೋದೊಂದಕ್ಕೇ ನೀವು ಬಯ್ಯಲ್ಲ. ಅದ್ಕೇ ಆನೆ ಅಂದೆ. ಆ ರೂಲ್ಸ್ ಮಾಡ್ದೋರು ನೀವೇ ತಾನೇ?”

ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅವಳೇ ಮುಂದುವರಿಸಿದಳು.

“ವರ್ಸಕ್ಕೆ ಎರಡು ತಿಂಗ್ಳು ಪಿಕ್ಕಿಂಗು. ಅದು ಬಿಟ್ರೆ ನನ್ ಕೈಗೆ ನಾಕು ಕಾಸು ಸೇರೋದಿಲ್ಲ. ಇನ್ನು ನಿಮ್ಮನೆ ಕೆಲ್ಸ. ಗುಡ್ಸೋದು, ಒರ್ಸೋದು, ಬಚ್ಚಲು ತೊಳ್ಯೋದು ಅಂತ ಕರೆದ್ರಿ. ಆಮೇಲೆ ಜೇಡರಬಲೆ ತೆಗಿ ಅಂದ್ರಿ. ಮೆಣಸು ಹರಡು ಅಂದ್ರಿ. ನಾಯಿಗೆ ಸ್ನಾನ ಮಾಡ್ಸು ಅಂದ್ರಿ. ಮೊನ್ನೆ ನಿಮ್ಮ ಸ್ಕೂಟರು ಒರ್ಸಿದ್ದೀನಿ ನಾನು. ಎಂಟಕ್ಕೆ ಬಾ ಅಂತೀರ, ಮೊದಲ್ನೇ ಬಸ್ಸು ಬರೋದೇ ಎಂಟೂ ನಲವತ್ತಕ್ಕೆ. ದಿನಾ ಅರ್ಧ ದಿನ ಬರೀತೀರ. ಅರ್ಧ ಹಾಜರಿಗೆ ಯಾಕೆ ಬರ್ಬೇಕು ಅಂತ ನಂಗೂ ಅನ್ಸಲ್ವಾ?”

“ಸ್ಕೂಟರು ಯಾವಾಗ?” ಎಂದು ಲಿಂಗಮ್ಮ ನನ್ನನ್ನು ಕೇಳಿದಳು. ನಾನು ಟ್ಯಾಂಕಿನ ಕಡೆ ನೋಡಿದೆ.

ಲಿಂಗಮ್ಮ ಊರುಗೋಲು ಚಾಚಿ ಹಾಜರಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ಜೇಬಿನ ಪೆನ್ನು ತೆಗೆದುಕೊಂಡಳು. “ಕಾಂತಮ್ಮ, ಪಿಕ್ಕಿಂಗ್ ಮುಗಿಯೋವರ್ಗೂ ನಿಜವಾಗ್ಲೂ ಯಾವ್ಯಾವ ದಿನ ಬರೋಕಾಯ್ತದೆ? ಬರೋಕಾಗೋದನ್ನ ಮಾತ್ರ ಹೇಳು. ನನ್ ಸಮಾಧಾನಕ್ಕೆ ಹೇಳ್ಬೇಡ.”

ಕಾಂತಮ್ಮ ಬೆರಳು ಮಡಚಿ ಯೋಚಿಸಿದಳು. “ಸೋಮವಾರ, ಗುರುವಾರ, ಭಾನುವಾರ. ಈ ಮೂರು ದಿನ ತಪ್ಸಲ್ಲ. ಒಂಬತ್ತಕ್ಕೆ ಬಂದು ಹನ್ನೊಂದಕ್ಕೆ ಹೋಗ್ತೀನಿ.”

“ಗುಡ್ಸು, ಒರ್ಸು, ಬಚ್ಚಲು. ಅಷ್ಟೇ. ಬರೋಕಾಗ್ದಿದ್ರೆ?”

“ಹಿಂದಿನ್ ದಿನ ಸಂಜೆ ಹೇಳ್ತೀನಿ ಅಕ್ಕ. ಆದ್ರೆ ರೈಟ್ರು ಯಾಕೆ ಅಂತ ಕೇಳ್ಬಾರ್ದು.”

“ಕೇಳಲ್ಲ” ಎಂದಳು ಲಿಂಗಮ್ಮ, ನನ್ನ ಪರವಾಗಿ. “ಮಿಕ್ಕ ನಾಲ್ಕು ದಿನ?”

ಇಬ್ಬರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಆಯ್ತು” ಎಂದೆ. “ಆದ್ರೆ ಆ ಆನೆ ರೂಲ್ಸು ತೆಗೆದು ಹಾಕಿ. ಇನ್ನು ಮೇಲೆ ಈ ಮನೇಲಿ ಆನೆಗೆ ಹಾಜರಿ ಇಲ್ಲ. ಯಾರಿಗೂ ಇಲ್ಲ.”

ಲಿಂಗಮ್ಮ ಆ ಸಾಲಿನ ಮೇಲೆ ಎರಡು ಸಲ ಗೀಟು ಹಾಕಿದಳು. ಕೆಳಗೆ ಹೊಸ ಹೆಸರು ಬರೆದಳು: ತಿಮ್ಮಯ್ಯ, ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರ.

ಮೂರು ವಾರ ಕಾಂತಮ್ಮ ಹೇಳಿದ ಮೂರು ದಿನ ಹೇಳಿದ ಹೊತ್ತಿಗೆ ಬಂದಳು. ಒಂದೇ ಒಂದು ಭಾನುವಾರ ತಪ್ಪಿಸಿದಳು. ಶನಿವಾರ ಸಂಜೆಯೇ ಫೋನು ಮಾಡಿ, “ನಾಳೆ ಬರಲ್ಲ ರೈಟ್ರೇ” ಎಂದಳು. ನನ್ನ ನಾಲಿಗೆಯ ತುದಿಗೆ ‘ಯಾಕೆ’ ಬಂತು. ಲಿಂಗಮ್ಮ ಊರುಗೋಲು ಎತ್ತಿದಳು. “ಆಯ್ತಮ್ಮ” ಎಂದೆ. ಆ ಮೂರು ವಾರದಲ್ಲಿ ಲಿಂಗಮ್ಮ ಆಪರೇಷನ್ ಆದ ಮೇಲೆ ಮೊದಲ ಬಾರಿಗೆ ಗೇಟಿನವರೆಗೆ ನಡೆದು ಹೋಗಿ ಬಂದಳು. ಒಂದು ಸಲವೂ ಬಗ್ಗಲಿಲ್ಲ. ನಾನು ಮೂಲೆ ಬಿಡುವುದನ್ನೂ ಕಡಿಮೆ ಮಾಡಿದ್ದೆ.

ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದರೆ ಬೇಲಿ ಮಲಗಿತ್ತು. ಅಂಗಳದ ಬಾಳೆ ಗಿಡ ಒಂದೂ ಇರಲಿಲ್ಲ. ಗೊಬ್ಬರದ ಕುಕ್ಕೆ ಚಪ್ಪಟೆಯಾಗಿತ್ತು. ಕಪ್ಪು ನೀರಿನ ಟ್ಯಾಂಕು ಪೂವಯ್ಯನವರ ಗೇಟಿನ ಹತ್ತಿರ ಬಿದ್ದಿತ್ತು. ಮೆಟ್ಟಿಲ ಬುಡದಿಂದ ಗೇಟಿನವರೆಗೆ ಅಲ್ಲಲ್ಲಿ, ಒಟ್ಟು ಏಳು ಕಡೆ, ಹೊಗೆಯಾಡುವ ಲದ್ದಿ.

ಫೋನು ತೆಗೆದು ಗ್ರೂಪು ಹುಡುಕಿದೆ. ನಾನು ಗ್ರೂಪಿನಲ್ಲಿ ಇಲ್ಲವಲ್ಲ. ನಂದೀಶನಿಗೆ ಫೋನು ಮಾಡಿದೆ. “ನಂದೀಶ, ಆನೆ ಬಂದಿತ್ತು ಕಣಪ್ಪ! ದೇವರಾಣೆ!”

“ತೂಕ ಎಷ್ಟು ರೈಟ್ರೇ?” ಎಂದು ಕೇಳಿ, ನಗುತ್ತ, “ಸಂಜೆ ಕಡೆ ಬಂದು ನೋಡ್ತೀನಿ ಬಿಡಿ” ಎಂದು ಇಟ್ಟ.

ಕಾಂತಮ್ಮನಿಗೆ ಮಾಡಿದೆ. ಹಿಂದೆ ತೋಟದ ಗದ್ದಲ. ಎಲ್ಲ ಹೇಳಿದೆ.

“ನಿಜವಾಗ್ಲೂ ಬಂತಾ?”

“ನಿಜವಾಗ್ಲೂ.”

“ಅಯ್ಯೋ ಪಾಪ. ಇವತ್ತು ಮಂಗಳವಾರ ಅಲ್ವಾ ರೈಟ್ರೇ? ಆಮೇಲೆ ನನ್ ಕೆಲ್ಸ ಗುಡ್ಸು, ಒರ್ಸು, ಬಚ್ಚಲು ಅಂತಿತ್ತು. ಲದ್ದಿ ಇರ್ಲಿಲ್ಲ.”

ನ್ಯಾಯವಾದ ಮಾತು. ಬುಟ್ಟಿ, ಸಲಿಕೆ ತಂದು ಶುರು ಮಾಡಿದೆ. ಬೇಲಿಯ ಆಚೆ ಪೂವಯ್ಯನವರು ತಮ್ಮ ಗೇಟಿನ ಮುಂದಿನ ಟ್ಯಾಂಕನ್ನೂ ನನ್ನನ್ನೂ ಬಹಳ ಹೊತ್ತು ನೋಡಿ ಒಳಗೆ ಹೋದರು. ಐದನೆಯ ಬುಟ್ಟಿಗೆ ಸೊಂಟ ಸೋತಿತು. ವರಾಂಡದ ಕುರ್ಚಿಯಲ್ಲಿ ಲಿಂಗಮ್ಮ ಕಾಲು ನೀಡಿ ಕೂತು ಕಾಫಿ ಕುಡಿಯುತ್ತಿದ್ದಳು. ತೊಡೆಯ ಮೇಲೆ ಹಾಜರಿ ಪುಸ್ತಕ ಬಿಡಿಸಿತ್ತು.

“ಲಿಂಗಮ್ಮ,” ಎಂದೆ, ಸಲಿಕೆ ಊರಿಕೊಂಡು, ಆದಷ್ಟು ಮೆತ್ತಗೆ, “ಆನೆ ಬಂದ ದಿನ ಕೆಲಸ ಇಲ್ಲ, ಪೂರ್ತಿ ಹಾಜರಿ ಅಂತ ಒಂದು ರೂಲ್ಸು ಇತ್ತಲ್ಲ?”

ಅವಳು ಪುಟ ತಿರುಗಿಸಿ, ಗೀಟು ಹಾಕಿದ ಸಾಲನ್ನು ಬೆರಳಿಟ್ಟು ನೋಡಿದಳು.

“ಇತ್ತು. ನೀವೇ ತೆಗ್ಸಿದ್ರಿ” ಎಂದಳು. “ಅಲ್ಲಿ ಮೂಲೆ ಬಿಟ್ರಿ ನೋಡಿ.”